ಕೆರೆ ದಡದಲ್ಲಿ ರಾತ್ರಿ ತಂಗಲು ಯಾವುದು ವಾಸಿ: ಒಂದು ಪದರದ ಟೆಂಟೋ, ಎರಡು ಪದರದ್ದೋ, ಬರೀ ಟಾರ್ಪಾಲೋ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳ ಪಕ್ಕ ಟೆಂಟು ಹಾಕುವವರನ್ನು ಮಳೆಗಿಂತ ಹೆಚ್ಚು ಕಾಡುವುದು ಇಬ್ಬನಿ. ನವೆಂಬರಿನಿಂದ ಫೆಬ್ರವರಿವರೆಗೆ ಬಹುತೇಕ ದಿನ ಆಕಾಶ ಶುಭ್ರವಾಗಿರುತ್ತದೆ, ರಾತ್ರಿ ಗಾಳಿ ಆಡುವುದಿಲ್ಲ, ನೀರಿನ ಪಕ್ಕದ ಗಾಳಿಯಲ್ಲಿ ತೇವ ತುಂಬಿರುತ್ತದೆ. ಆದ್ದರಿಂದ ಮೂರನ್ನೂ ಒಂದೇ ರಾತ್ರಿ, ಒಂದೇ ನೆಲದಲ್ಲಿ ಅಕ್ಕಪಕ್ಕ ಹಾಕಿ ನಾವು ಮೊದಲು ನೋಡಿದ್ದು ಬೆಳಗ್ಗೆ ಹಾಸಿಗೆ ಒಣಗಿದೆಯೇ ಎಂಬುದನ್ನು.

ಒಂದು ಪದರದ ಗುಮ್ಮಟದಾಕಾರದ ಟೆಂಟು ಅಗ್ಗ, ಹಗುರ, ಐದು ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಆದರೆ ಚಳಿಗಾಲದ ಕೆರೆ ದಡಕ್ಕೆ ಅದು ಆಗಿಬರುವುದಿಲ್ಲ. ತೆರೆದ ಆಕಾಶಕ್ಕೆ ಮುಖಮಾಡಿದ ಬಟ್ಟೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಮಲಗಿದವರ ಉಸಿರಿನ ಹಬೆ ಅದೇ ಬಟ್ಟೆಗೆ ತಾಗಿ ನೀರಾಗುತ್ತದೆ. ಬಟ್ಟೆಯ ಲೇಪನ ನೀರನ್ನು ಒಳಗೆ ಬಿಡುವುದಿಲ್ಲ, ಹಬೆಯನ್ನು ಹೊರಗೂ ಬಿಡುವುದಿಲ್ಲ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ತಲೆ ತಾಗಿದರೆ ಸಾಕು, ಹನಿ ಉದುರುತ್ತದೆ. ಚಳಿ ಎಂದು ಕಿಟಕಿ ಮುಚ್ಚಿದರಂತೂ ಹೊದಿಕೆಯ ತುದಿಯೆಲ್ಲ ಒದ್ದೆ. ಈಗಾಗಲೇ ಕೊಂಡವರು ಅದರ ಮೇಲೆ ಒಂದಡಿ ಅಂತರ ಬಿಟ್ಟು ಟಾರ್ಪಾಲು ಕಟ್ಟಬೇಕು, ಕಿಟಕಿಯನ್ನು ಅರ್ಧವಾದರೂ ತೆರೆದಿಡಬೇಕು. ಹೊಸದಾಗಿ ಕೊಳ್ಳುವವರು ಇದರ ಗೋಜಿಗೇ ಹೋಗದಿರುವುದು ಲೇಸು.

ಎರಡು ಪದರದ ಟೆಂಟಿನಲ್ಲೂ ನೀರು ಕೂರುತ್ತದೆ, ಆದರೆ ಹೊರಪದರದ ಒಳಮೈಯಲ್ಲಿ. ಅದು ಇಳಿದು ನೆಲ ಸೇರುತ್ತದೆ, ಮಲಗಿದವರ ಮೇಲೆ ಬೀಳುವುದಿಲ್ಲ. ಇದಕ್ಕೆ ಎರಡು ಪದರಗಳ ನಡುವೆ ನಾಲ್ಕು ಬೆರಳಿನ ಅಂತರ ಇರಬೇಕು. ತೇವಕ್ಕೆ ಬಟ್ಟೆ ಜೋತು ಒಳಪದರಕ್ಕೆ ಅಂಟಿದ ಜಾಗದಲ್ಲೇ ಸೋರಿದಂತೆ ಕಾಣುವುದು. ಮಲಗುವ ಮುನ್ನ ಹಗ್ಗಗಳನ್ನು ಇನ್ನೊಮ್ಮೆ ಬಿಗಿ ಮಾಡಿದರೆ ತೊಂದರೆ ಮುಗಿಯಿತು. ಸೆಪ್ಟೆಂಬರ್, ಅಕ್ಟೋಬರಿನ ಮಳೆಗೂ, ಮಕ್ಕಳು ಜೊತೆಯಲ್ಲಿದ್ದಾಗಲೂ ಇದನ್ನು ಬಿಟ್ಟು ಬೇರೆ ಮಾತಿಲ್ಲ. ಇದರ ದುರ್ಬಲ ಭಾಗ ಫೈಬರ್ ಕಡ್ಡಿ. ಬಿಚ್ಚುವಾಗ ಕಡ್ಡಿಯನ್ನು ಎಳೆಯಬಾರದು, ತಳ್ಳಬೇಕು. ಎಳೆದರೆ ಕೀಲು ಬಟ್ಟೆಯೊಳಗೇ ಕಳಚಿಕೊಳ್ಳುತ್ತದೆ. ಮತ್ತೆ ಒರಟಾಗಿ ತುರುಕುವಾಗ ತುದಿ ಸೀಳುತ್ತದೆ. ಸೀಳಿದ ಕಡೆ ಬರಿಗೈ ಇಡಬೇಡಿ, ಸಿಬಿರು ಚರ್ಮದೊಳಗೆ ಮುರಿಯುತ್ತದೆ.

ಇನ್ನು ರಾಗಿ ಒಕ್ಕಣೆಗೆ ಹಾಸುವ ಟಾರ್ಪಾಲು. ದೊಡ್ಡವರಷ್ಟೇ ಹೋಗುವ ಚಳಿಗಾಲದ ಪ್ರವಾಸಕ್ಕೆ ನಮ್ಮ ಮತ ಇದಕ್ಕೇ. 12 ಅಡಿಗೆ 10 ಅಡಿಯದು ಇಬ್ಬರಿಗೆ ಧಾರಾಳ. ಎರಡು ಮರಗಳ ನಡುವೆ ಮೂರೂವರೆ ಅಡಿ ಎತ್ತರಕ್ಕೆ 6 ಎಂಎಂ ನೈಲಾನ್ ಹಗ್ಗ ಬಿಗಿದು, 12 ಅಡಿಯ ಬದಿ ಹಗ್ಗದ ಉದ್ದಕ್ಕೆ ಬಂದು ಎರಡೂ ಕಡೆ ಐದೈದು ಅಡಿ ಇಳಿಯುವಂತೆ ಹೊದಿಸಿದರೆ ಕೆಳಗೆ ಸುಮಾರು ಏಳಡಿ ಅಗಲ ಸಿಗುತ್ತದೆ. ಎರಡೂ ತುದಿ ತೆರೆದಿರುವುದರಿಂದ ಹಬೆ ನಿಲ್ಲುವುದಿಲ್ಲ. ಒಳಮೈ ತೇವವಾದರೂ ತೊಟ್ಟಿಕ್ಕುವುದಿಲ್ಲ. ಮೂಲೆಯ ಉಂಗುರಗಳನ್ನು ಮಾತ್ರ ನಂಬಬಾರದು, ಜೋರು ಗಾಳಿಗೆ ಕಿತ್ತುಬರುತ್ತವೆ. ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಟಾರ್ಪಾಲಿನ ಮೂಲೆಯಲ್ಲಿಟ್ಟು ಮುದುರಿ, ಅದರ ಕುತ್ತಿಗೆಗೆ ಹಗ್ಗ ಸುತ್ತಿ ಗಂಟು ಹಾಕಿದರೆ ಎಷ್ಟು ಎಳೆದರೂ ಜಗ್ಗುವುದಿಲ್ಲ. ಇದರ ಕೊರತೆ ಹಾವು, ಚೇಳು, ಸೊಳ್ಳೆಗೆ ತಡೆಯಿಲ್ಲದಿರುವುದು. ಅದೇ ಹಗ್ಗಕ್ಕೆ ಸೊಳ್ಳೆಪರದೆ ಇಳಿಬಿಟ್ಟು, ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಲೇಬೇಕು. ಆಷಾಢದ ಗಾಳಿಯಲ್ಲಿ, ಅದರಲ್ಲೂ ಮಾರ್ಕೋನಹಳ್ಳಿಯಂಥ ದೊಡ್ಡ ಜಲಾಶಯದ ಬಯಲಿನಲ್ಲಿ, ಟಾರ್ಪಾಲಿನ ಆಸೆ ಬಿಡುವುದೇ ಸರಿ. ರಾತ್ರಿಯಿಡೀ ಪಟಪಟ ಸದ್ದು, ನಿದ್ದೆ ಬರುವುದಿಲ್ಲ.

ಮೂರಕ್ಕೂ ಸಮಾನವಾದ ಸಮಸ್ಯೆ ನೆಲ. ಟೆಂಟಿನ ಜೊತೆ ಕೊಡುವ ತೆಳು ಗೂಟಗಳು ಇಲ್ಲಿನ ಕೆಂಪು ಗರಸು ಮಣ್ಣಿಗೆ ಎರಡಂಗುಲ ಇಳಿಯುವಷ್ಟರಲ್ಲಿ ಬಾಗುತ್ತವೆ. ಹಾರ್ಡ್‌ವೇರ್ ಅಂಗಡಿಯ ಆರಿಂಚಿನ ಮೊಳೆಗೆ ದೊಡ್ಡ ವಾಷರ್ ಹಾಕಿ, ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಹೊಡೆಯಿರಿ. ಹೂಳು ನೆಲದಲ್ಲಿ ಅದೂ ನಿಲ್ಲದು. ಅಲ್ಲಿ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ, ಒಂದಡಿ ಆಳದಲ್ಲಿ ಹೂತು ಹಗ್ಗ ಕಟ್ಟಬೇಕು. ಕೆರೆಯಂಗಳದಲ್ಲಿ ಜಾಲಿ ಗಿಡ ಇಲ್ಲದ ಊರೇ ಕಡಿಮೆ. ಅದರ ಮುಳ್ಳು ಟೆಂಟಿನ ತಳವನ್ನು ಸೂಜಿಯಂತೆ ತೂರುತ್ತದೆ. ಪೊರಕೆಯಿಂದ ಗುಡಿಸಿ ಕೆಳಗೊಂದು ಹಾಳೆ ಹಾಸಿ. ಹಾಳೆ ಟೆಂಟಿನ ತಳಕ್ಕಿಂತ ಎರಡಂಗುಲ ಒಳಗಿರಲಿ, ಹೊರಚಾಚಿದರೆ ಇಳಿದ ನೀರೆಲ್ಲ ಅದರ ಮೇಲೆ ಹರಿದು ಬೆನ್ನಡಿಗೆ ಬರುತ್ತದೆ.

ಏರಿಯ ಮೇಲೆ, ಕೋಡಿ ಹರಿಯುವ ದಾರಿಯಲ್ಲಿ, ತೂಬಿನ ಕೆಳಗೆ ಬೇಡವೇ ಬೇಡ. ತಂಪು ಗಾಳಿ ತಗ್ಗಿಗೆ ಇಳಿಯುವುದರಿಂದ ನೀರಿನಂಚಿನಿಂದ ಐವತ್ತು ಮೀಟರ್ ದೂರದಲ್ಲಿ, ಮೇಲಿನ ನೆಲದ ಹೊಂಗೆ ಮರದಡಿ ಇಬ್ಬನಿ ಕಣ್ಣಿಗೆ ಕಾಣುವಷ್ಟು ಕಡಿಮೆ. ಕೊಂಬೆ ಮುರಿದು ಬೀಳುವ ನೀಲಗಿರಿಯ ಕೆಳಗೆ ಮಲಗಬೇಡಿ. ಅನುಮತಿಗೆ ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ; 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ (ಕೆರೆ ನೀರುಣಿಸುವ ಜಮೀನಿನ) ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ಸುಪರ್ದಿಯಲ್ಲಿರುತ್ತವೆ.

ಕುಡಿಯುವ ನೀರು ತಲೆಗೆ ನಾಲ್ಕು ಲೀಟರಿನಂತೆ ಮನೆಯಿಂದಲೇ ಬರಲಿ. ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಎರಡು ಹಂತ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. ವ್ಯಾಲಿಯದು. ಅಂತರ್ಜಲ ತುಂಬಿಸಲೆಂದು ಬಿಟ್ಟ ನೀರು ಅದು. ಕುದಿಸಿದರೆ ಕ್ರಿಮಿ ಸಾಯಬಹುದು, ಕರಗಿದ ರಾಸಾಯನಿಕ ಹೋಗುವುದಿಲ್ಲ.

ಬೆಳಗ್ಗೆ ಬಿಸಿಲು ಏರುವ ಮುನ್ನ ಮಡಚಿ ಹೊರಡುವ ಅವಸರ ಬೇಡ. ಒದ್ದೆ ಬಟ್ಟೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಬರಬರುತ್ತಾ ಒಳಲೇಪನ ಅಂಟಂಟಾಗಿ ಪುಡಿ ಉದುರುತ್ತದೆ. ಟಾರ್ಪಾಲನ್ನು ಒರೆಸಿದರೆ ಹತ್ತು ನಿಮಿಷಕ್ಕೆ ಒಣಗುತ್ತದೆ. ಎರಡು ಪದರದ ಟೆಂಟಿಗೆ ಒಳಪದರ ಬೇರೆ, ಹೊರಪದರ ಬೇರೆ ಮಾಡಿ ಗಂಟೆಯಾದರೂ ಹರವಬೇಕು. ಹೊರಡಲೇಬೇಕಾದರೆ ಎರಡನ್ನೂ ಬೇರೆಬೇರೆ ಚೀಲಕ್ಕೆ ತುಂಬಿ, ಅಂದು ಸಂಜೆಯೊಳಗೆ ಮನೆಯ ತಂತಿಯ ಮೇಲೆ ಹಾಕಿ.