ಹಳ್ಳಿ ರಜೆಗೆ ಯಾವುದು ವಾಸಿ? ಫಾರ್ಮ್ ಸ್ಟೇ, ಮೇಲುಕೋಟೆ, ಚಿಕ್ಕಮ್ಮನ ಮನೆ

ಜನವರಿ, ಫೆಬ್ರವರಿಯಲ್ಲಿ ಮೂರು ಸಲ ಹಳ್ಳಿ ಕಡೆ ಹೋಗಿ ಬಂದೆವು. ಹೋದವರು ಐದು ಜನ: ನಾನು, ನಮ್ಮ ಯಜಮಾನರು, ಮಂಡಿ ನೋವಿನ ಅತ್ತೆ, ಇಬ್ಬರು ಮಕ್ಕಳು. ಮೈಸೂರಿನಿಂದ ಹೊರಟರೆ ಮೂರೂ ಕಡೆಗೆ ಎರಡು ಗಂಟೆಯ ಒಳಗಿನ ದಾರಿ. ಆದರೂ ಒಂದಕ್ಕೊಂದು ಹೋಲಿಕೆಯೇ ಇಲ್ಲ.

ಮೊದಲು ಫಾರ್ಮ್ ಸ್ಟೇ. ಶ್ರೀರಂಗಪಟ್ಟಣದ ಹತ್ತಿರ, ಹೆಸರು ಬೇಡ. ಐದು ಜನಕ್ಕೆ ಒಂದು ರಾತ್ರಿಗೆ 9,000 ರೂಪಾಯಿ, ಊಟ ತಿಂಡಿ ಸೇರಿ. ಹಾಸಿಗೆ ಚೆನ್ನಾಗಿತ್ತು, ಬಿಸಿನೀರು ಬರುತ್ತಿತ್ತು, ಕೂರುವ ಟಾಯ್ಲೆಟ್ ಇತ್ತು. ಅತ್ತೆಗೆ ಅಷ್ಟು ಸಾಕಾಗಿತ್ತು. ಆದರೆ ಎತ್ತಿನ ಗಾಡಿ ಅಂದರೆ ಕಾಂಪೌಂಡ್ ಒಳಗೆ ಒಂದು ಸುತ್ತು, ಅಷ್ಟೇ. ನಾಟಿ ಮಾಡಿಸ್ತೀವಿ ಅಂತ ಮಕ್ಕಳನ್ನು ಚಾಪೆಯಷ್ಟಗಲದ ಕೆಸರಿಗೆ ಇಳಿಸಿದರು. ಕೈಗೆ ಪೈರು ಕೊಟ್ಟರು, ಫೋಟೊ ತೆಗೆದರು, ಮೇಲಕ್ಕೆ ಹತ್ತಿಸಿದರು. ಸಂಜೆ ಬಂದ ಇನ್ನೊಂದು ಕುಟುಂಬಕ್ಕೆ ಅದೇ ಪೈರನ್ನು ಕಿತ್ತು ಕೊಟ್ಟಿದ್ದನ್ನು ಮಗಳು ನೋಡಿಬಿಟ್ಟಳು. ಆಮೇಲೆ ಅವಳಿಗೆ ಅಲ್ಲಿ ಯಾವುದರ ಮೇಲೂ ನಂಬಿಕೆ ಇರಲಿಲ್ಲ, ಕೋಳಿಗಳ ಮೇಲೂ!

ಮೇಲುಕೋಟೆಗೆ ಹೋಗಿದ್ದು ಪಾಂಡವಪುರದ ಮೇಲೆ. ಊರು ಚೆಂದ. ಕಲ್ಯಾಣಿ, ರಾಯಗೋಪುರ, ಬೆಳಗಿನ ತಣ್ಣನೆ ಗಾಳಿ, ಬಿಸಿ ಪುಳಿಯೋಗರೆ. ಆದರೆ ಯೋಗನರಸಿಂಹನ ಬೆಟ್ಟಕ್ಕೆ ಮೆಟ್ಟಿಲು ಮುನ್ನೂರಕ್ಕೂ ಜಾಸ್ತಿ. ಅತ್ತೆ ಕೆಳಗೇ ಕೂತು ಕೈ ಮುಗಿದರು. ತೊಂಡನೂರು ಕೆರೆಯಲ್ಲಿ ನೀರು ತಿಳಿಯಾಗಿತ್ತು, ಮಕ್ಕಳು ಕಾಲು ಇಳಿಬಿಟ್ಟು ಕೂತರು. ಈಜುವುದು ಬೇಡ, ಆಳ ಗೊತ್ತಾಗಲ್ಲ.

ನಿಜವಾಗಿ ನೆನಪಲ್ಲಿ ಉಳಿದಿದ್ದು ದಾರಿಯಲ್ಲಿ ಸಿಕ್ಕಿದ ಆಲೆಮನೆ. ಹೊಗೆ ಕಂಡಿತು, ಕಾರು ನಿಲ್ಲಿಸಿದೆವು. ಯಾರೂ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಒಂದು ಕಡೆ ಗಾಣದಲ್ಲಿ ಕಬ್ಬು ಅರೆಯುತ್ತಿದ್ದರು. ಇನ್ನೊಂದು ಕಡೆ ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ಕಬ್ಬಿನ ರಸಕ್ಕೆ ಇಲ್ಲಿ ಹಾಲು ಅಂತಲೇ ಹೆಸರು. ಹಾಲು ಹಿಂಡಿದ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕುತ್ತಾರೆ, ಬೇರೆ ಸೌದೆ ಬೇಕಾಗಿಲ್ಲ. ಮೇಲೆ ಬರುವ ಕೊಳೆ ನೊರೆಯನ್ನು ಒಬ್ಬರು ತೆಗೆಯುತ್ತಲೇ ಇದ್ದರು. ಪಾಕವನ್ನು ಒಂದಿಷ್ಟು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತಾ ಅಂತ ನೋಡಿದ ಮೇಲೆಯೇ ಕೊಪ್ಪರಿಗೆ ಇಳಿಸುವುದು. ಒಂದು ನಿಮಿಷ ತಡವಾದರೂ ಬೆಲ್ಲದ ಬಣ್ಣ ಕೆಡುತ್ತೆ ಅಂದರು. ಮುತ್ತುಗದ ಎಲೆಯಲ್ಲಿ ಬಿಸಿ ಬೆಲ್ಲ ಕೊಟ್ಟರು. ದುಡ್ಡು ಕೇಳಲಿಲ್ಲ. ನಾವೇ ಎರಡು ಕೆಜಿ ಅಚ್ಚು ಬೆಲ್ಲ ತಗೊಂಡೆವು. ಫಾರ್ಮ್ ಸ್ಟೇಯಲ್ಲೂ 'ಆಲೆಮನೆ' ಅಂತ ಒಂದು ಗುಡಿಸಲಿತ್ತು. ಅಲ್ಲಿ ಒಲೆ ತಣ್ಣಗಿತ್ತು, ಬೆಲ್ಲ ಡಬ್ಬಿಯಲ್ಲಿತ್ತು.

ಮೂರನೆಯದು ಮದ್ದೂರು ತಾಲ್ಲೂಕಿನ ಚಿಕ್ಕಮ್ಮನ ಊರು. ಸಂಕ್ರಾಂತಿಗೆ ಹೋಗಿದ್ದೆವು. ಖರ್ಚು ಅಂದರೆ ಪೆಟ್ರೋಲು, ಹಣ್ಣು, ಚಿಕ್ಕಮ್ಮನಿಗೊಂದು ಸೀರೆ. ಟಾಯ್ಲೆಟ್ ಹಿತ್ತಿಲಲ್ಲಿ. ರಾತ್ರಿ ಅತ್ತೆಯ ಜೊತೆ ಟಾರ್ಚ್ ಹಿಡಿದು ಮೂರು ಸಲ ಎದ್ದು ಹೋದೆ. ಸೊಳ್ಳೆ ಬೇರೆ. ಇದನ್ನು ಮುಚ್ಚಿಟ್ಟು ಹೊಗಳಿದರೆ ಮೋಸ ಆಗುತ್ತೆ ಅಲ್ವಾ?

ಆದರೆ ಊಟ! ಮುದ್ದೆ, ಉಪ್ಸಾರು. ಕಾಳು ಸೊಪ್ಪು ಬೇಯಿಸಿದ ನೀರು, ಅದಕ್ಕೆ ಕಲ್ಲಲ್ಲಿ ಅರೆದ ಮೆಣಸಿನಕಾಯಿ ಬೆಳ್ಳುಳ್ಳಿ ಖಾರ, ಬಸಿದ ಸೊಪ್ಪಿನ ಪಲ್ಯ ಪಕ್ಕಕ್ಕೆ. ಮಗ ಮುದ್ದೆ ಅಗಿಯುತ್ತಾ ಕೂತಿದ್ದ. "ಏನವ್ವ, ಮುದ್ದೆ ನುಂಗಕ್ಕೂ ಬರಕಿಲ್ವಾ ನಿನ್ ಮಗೀಗೆ?" ಅಂತ ಚಿಕ್ಕಮ್ಮ ನಕ್ಕರು. ಸಂಜೆ ಕಿಚ್ಚು ಹಾಯಿಸುವುದು. ದನಗಳ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಲೂನು ಕಟ್ಟಿದ್ದರು. ಬೀದಿಗೆ ಅಡ್ಡಲಾಗಿ ಹುಲ್ಲಿಗೆ ಬೆಂಕಿ. ಚಿಕ್ಕಮ್ಮನ ಕಡಸು ಮಾತ್ರ ಬೆಂಕಿ ಕಂಡು ವಾಪಸ್ ತಿರುಗಿ ನಮ್ಮ ಮೇಲೇ ಬಂತು. ಮಕ್ಕಳು ಜಗಲಿ ಹತ್ತಿದರು, ಅವರಿಗಿಂತ ಮೊದಲು ಯಜಮಾನರು.

ಇನ್ನು ಹಕ್ಕಿಗಳ ವಿಷಯ. ಫಾರ್ಮ್ ಸ್ಟೇ ಪಕ್ಕಕ್ಕೇ ರಂಗನತಿಟ್ಟು. 1940ರಲ್ಲೇ ಪಕ್ಷಿಧಾಮ ಆದ ಜಾಗ. ದೋಣಿಯಲ್ಲಿ ಕೂತರೆ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿ, ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಎಲ್ಲವೂ ಹತ್ತಿರದಲ್ಲೇ. ಅತ್ತೆಯೂ ಆರಾಮಾಗಿ ಕೂತು ನೋಡಿದರು. ಭಾನುವಾರ ಮಾತ್ರ ಬೇಡ, ದೋಣಿಗೆ ಕಾದು ಸಾಕಾಗುತ್ತೆ.

ಚಿಕ್ಕಮ್ಮನ ಊರಿನಿಂದ ಹತ್ತಿರ ಕೊಕ್ಕರೆ ಬೆಳ್ಳೂರು. ಅಲ್ಲಿ ದೋಣಿಯೂ ಇಲ್ಲ, ಸಾಲೂ ಇಲ್ಲ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಬಟ್ಟೆ ಒಣಗುತ್ತಿರುತ್ತೆ, ಹಸು ಕಟ್ಟಿರುತ್ತೆ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಅಂತ ಊರಿನವರು ಇವನ್ನು ನೋಡುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ನಾವು ಹೋದಾಗ ಕೊಕ್ಕರೆಗಳು ಕಡ್ಡಿ ತರುವ ಗಡಿಬಿಡಿಯಲ್ಲಿದ್ದವು. ವಾಸನೆ ಜೋರು, ಮರದ ಕೆಳಗೆ ನಿಂತ ನನ್ನ ಹೆಗಲಿಗೂ ಪ್ರಸಾದ ಸಿಕ್ಕಿತು.

ವಯಸ್ಸಾದವರು ಜೊತೆಗಿದ್ದು ಒಂದೇ ರಾತ್ರಿ ಅಂದರೆ ನಾನು ಫಾರ್ಮ್ ಸ್ಟೇಯನ್ನೇ ಹೇಳುತ್ತೇನೆ, ರಂಗನತಿಟ್ಟಿಗೋಸ್ಕರ. ನಾಟಿಗೆ ಮಕ್ಕಳನ್ನು ಇಳಿಸಬೇಡಿ ಅಷ್ಟೇ. ಹಳ್ಳಿಯಲ್ಲಿ ನೆಂಟರಿಲ್ಲದಿದ್ದರೆ ಮೇಲುಕೋಟೆ, ಆದರೆ ಆಲೆಮನೆಗೆ ಅರ್ಧ ದಿನ ಇಟ್ಟುಕೊಳ್ಳಿ. ನಾವಂತೂ ಮರಿ ನೋಡಲು ಮಾರ್ಚ್‌ನಲ್ಲಿ ಮತ್ತೆ ಬೆಳ್ಳೂರಿಗೆ ಹೊರಟಿದ್ದೇವೆ. ಅತ್ತೆಯೂ ಬರುತ್ತೇನೆ ಅಂದಿದ್ದಾರೆ. ಚಿಕ್ಕಮ್ಮನ ಮನೆಗೆ ಕಮೋಡ್ ಕುರ್ಚಿಯೊಂದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವುದು ಅಂತ ತೀರ್ಮಾನ ಆಗಿದೆ.