ಬ್ಯಾಲೆ ಶೂ ತರಿಸಿದ ಕತೆ: 5ರಲ್ಲಿ 2 ಸ್ಟಾರ್

ನಾನು ಬದಿಯಡ್ಕ ಪೇಟೆಯಲ್ಲಿ ಹೊಲಿಗೆ ಕೆಲಸ ಮಾಡುವವಳು. ಕಲೋತ್ಸವ ಹತ್ತಿರ ಬಂದರೆ ಭರತನಾಟ್ಯದ ಡ್ರೆಸ್ ಹೊಲಿದು ಮುಗಿಸುವಾಗ ರಾತ್ರಿ ಹನ್ನೊಂದಾಗುತ್ತದೆ. ಹಾಗಾಗಿ ಇದು ಸೂಜಿ ಹಿಡಿದವಳ ಮಾತು.

ಬೆರಳ ತುದಿಯಲ್ಲಿ ನಿಂತು ಬ್ಯಾಲೆ ಕುಣಿಯುವ ಈ ಶೂವನ್ನು ಆನ್‌ಲೈನಿನಲ್ಲಿ 2,400 ರೂಪಾಯಿ ಕೊಟ್ಟು ತರಿಸಿದ್ದು ಮಗಳ ಹಟಕ್ಕೆ. ಆರನೇ ಕ್ಲಾಸು. ಬ್ಯಾಲೆ ನರ್ತಕಿ ಮೋನಿಕಾ ಮೇಸನ್ ಕತೆ ತಲೆಗೆ ಹತ್ತಿತ್ತು. ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. 1958ರಲ್ಲಿ, 16ನೇ ವಯಸ್ಸಿಗೆ ಲಂಡನ್ನಿನ ರಾಯಲ್ ಬ್ಯಾಲೆ ತಂಡ ಸೇರಿದರು. 1968ಕ್ಕೆ ಮುಖ್ಯ ನರ್ತಕಿ, 2002ರಲ್ಲಿ ಅದೇ ತಂಡದ ನಿರ್ದೇಶಕಿ! "ಯಕ್ಷಗಾನದಲ್ಲಿ ಹೊಸಬನಾಗಿ ಕೋಡಂಗಿ ವೇಷ ಕಟ್ಟಿದವನೇ ಮುಂದೆ ಮೇಳ ನಡೆಸಿದ ಹಾಗಾಯ್ತಲ್ಲ ಮಗಳೇ" ಎಂದರು ನನ್ನ ಮಾವ. ಅಜ್ಜನ ಸಪೋರ್ಟ್ ಸಿಕ್ಕಿದ ಮೇಲೆ ನನ್ನ ಮಾತು ಯಾರು ಕೇಳುತ್ತಾರೆ?

ಪಾರ್ಸೆಲ್ ಬಿಚ್ಚಿದರೆ ರಿಬ್ಬನ್ ಬೇರೆ, ಶೂ ಬೇರೆ. ಮೋಸ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ರಿಬ್ಬನನ್ನು ಕುಣಿಯುವವರು ತಮ್ಮ ಕಾಲಿಗೆ ಬೇಕಾದ ಹಾಗೆ ತಾವೇ ಹೊಲಿದುಕೊಳ್ಳುವುದಂತೆ. ಎಡ ಬಲ ಅಂತಲೂ ಇಲ್ಲ, ಎರಡಕ್ಕೂ ಒಂದೇ ಅಚ್ಚು. ಸ್ಯಾಟಿನ್ ಒಳ್ಳೆಯದೇ, ಹೊಲಿಗೆಯೂ ಒತ್ತಾಗಿದೆ. ನಾನು ಸುಮ್ನೆ ಹೊಗಳುವವಳಲ್ಲ.

ತಪ್ಪು ಮಾರಿದವರದ್ದು. "ಹೊಸದಾಗಿ ಕಲಿಯುವ ಮಕ್ಕಳಿಗೂ ಆಗುತ್ತದೆ" ಅಂತ ಬರೆದಿದ್ದರು. ಡ್ಯಾನ್ಸ್ ಟೀಚರ್ ನೋಡಿದವರೇ ಮಗಳ ಕಾಲಿನಿಂದ ಕಳಚಿಸಿದರು. ಬೆರಳ ತುದಿಯಲ್ಲಿ ನಿಲ್ಲುವ ಶೂ ಇದು. ಕೆಲವು ವರ್ಷ ಬ್ಯಾಲೆ ಕಲಿತು, ಪಾದ ಗಟ್ಟಿಯಾದ ಮೇಲೆಯೇ ಹಾಕಬೇಕಂತೆ, ಅದೂ ಕಾಲು ನೋಡಿ ಅಳತೆ ಕೊಡುವವರಿಂದ ತಗೊಂಡು. ನಂಬರ್ ನೋಡಿ ತರಿಸುವುದಲ್ಲ. ವಾಪಸ್ ಕಳಿಸೋಣ ಎಂದರೆ, ರಿಬ್ಬನ್ ಹೊಲಿದಾಯಿತು, ತಗೊಳ್ಳುವುದಿಲ್ಲ ಎಂದರು. ನನ್ನ ಕೈಚಳಕವೇ ನನಗೆ ಮುಳುವಾಯಿತು ನೋಡಿ! ನೀವಾದರೆ ಮೊದಲು ಕ್ಯಾನ್ವಾಸಿನ ಮೆತ್ತನೆ ಬ್ಯಾಲೆ ಚಪ್ಪಲಿ ತರಿಸಿ. ಈ ಶೂವೇ ಬೇಕಾದರೆ ಅಳತೆ ಸರಿ ಎಂದು ಗೊತ್ತಾಗುವವರೆಗೆ ಸೂಜಿ ಮುಟ್ಟಬೇಡಿ.

ಇನ್ನೊಂದು, ನಮ್ಮ ಆಟಿ ತಿಂಗಳ ಮಳೆ. ಎರಡು ವಾರ ಕಪಾಟಿನಲ್ಲಿಟ್ಟದ್ದಕ್ಕೆ ತುದಿ ಹಲಸಿನ ಹಪ್ಪಳ ತಂಡಿ ಎಳೆದ ಹಾಗೆ ಮೆತ್ತಗಾಯಿತು. ತಡೆಯಲಾಗದೆ ಒಂದನ್ನು ಕತ್ತರಿಸಿ ನೋಡಿದೆ. ಮರವೂ ಇಲ್ಲ, ಕಬ್ಬಿಣವೂ ಇಲ್ಲ. ಬಟ್ಟೆ, ಕಾಗದ, ಅಂಟು, ಪದರದ ಮೇಲೆ ಪದರ, ಅಷ್ಟೇ.

ಇನ್ನೊಂದನ್ನು ಮಗಳು ಕೊಡಲಿಲ್ಲ. ಗೆಜ್ಜೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾಳೆ.