ಬಣ್ಣದ್ದು ಬೇಡ, 1933ರ ಕಪ್ಪು-ಬಿಳುಪು ಪಾಪಾಯ್ ನೋಡಿ

ಪಾಪಾಯ್ ಅಂದರೆ ಟಿವಿಯಲ್ಲಿ ಬರುತ್ತಿದ್ದ ಬಣ್ಣದ ಕಾರ್ಟೂನ್ ಅಂತಷ್ಟೇ ಗೊತ್ತಿರುವವರು ದಯವಿಟ್ಟು ಅವನ ಮೊದಲ ಚಿತ್ರ ನೋಡಿ. 'ಪಾಪಾಯ್ ದ ಸೈಲರ್', 1933, ಫ್ಲೈಷರ್ ಸ್ಟುಡಿಯೋದ್ದು. ಎಂಟು ನಿಮಿಷದ ಆಸುಪಾಸು, ಅಷ್ಟೇ. ತೀರ್ಥಹಳ್ಳಿಯಲ್ಲಿ ಮಳೆಗೆ ಶಾಲೆ ರಜೆ, ಕರೆಂಟೂ ಇಲ್ಲ, ಫೋನಿನಲ್ಲಿದ್ದ ಇದನ್ನು ಅಕ್ಕನ ಮಕ್ಕಳಿಗೆ ಹಾಕಿಕೊಟ್ಟೆ. ಮುಗಿದ ತಕ್ಷಣ "ಇನ್ನೊಂದ್ಸಲ ಹಾಕು ಮಾವ" ಅಂದರು.

ಕಥೆ ತುಂಬ ಸರಳ. ಆಲಿವ್ ಆಯಿಲ್ ಅನ್ನುವ ಸಪೂರ ಹುಡುಗಿ. ಅವಳ ಹಿಂದೆ ನಾವಿಕ ಪಾಪಾಯ್, ಮತ್ತೆ ಗಡ್ಡದ ದಾಂಡಿಗ ಬ್ಲೂಟೋ. ಜಗಳ ನಡೆಯುವುದು ಜಾತ್ರೆಯಂಥ ಜಾಗದಲ್ಲಿ. ಸಾಗರದ ಮಾರಿ ಜಾತ್ರೆ ಸುತ್ತಿದ ಮಕ್ಕಳಿಗೆ ಆ ಸ್ಟಾಲು, ಗದ್ದಲ ಯಾವುದನ್ನೂ ವಿವರಿಸಬೇಕಾಗಲಿಲ್ಲ. ಸುತ್ತಿಗೆ ಬೀಸಿ ಬಲ ತೋರಿಸುವ ಆಟ ಇದೆ. ಬ್ಲೂಟೋ ಏನು ಮಾಡಿದರೂ ಪಾಪಾಯ್ ಒಂದು ಕೈ ಮೇಲು. ನನಗೆ ಹಿಡಿಸಿದ್ದು ಈ ಜಿದ್ದಾಜಿದ್ದಿಯೇ. ಪ್ರೀತಿಯ ಡೈಲಾಗೇ ಬೇಕಿಲ್ಲ, ಒಬ್ಬ ಮಾಡಿದ್ದನ್ನು ಇನ್ನೊಬ್ಬ ಮೀರಿಸಲು ಹೋಗುವುದರಲ್ಲೇ ಎಲ್ಲ ಅರ್ಥವಾಗುತ್ತದೆ, ಪಂಥ ಸ್ವಲ್ಪಸ್ವಲ್ಪವೇ ದೊಡ್ಡದಾಗುತ್ತಾ ಹೋಗಿ ಕೊನೆಗೆ ಬ್ಲೂಟೋ ಹುಡುಗಿಯನ್ನೇ ಹೊತ್ತೊಯ್ದು ರೈಲು ಹಳಿಗೆ ಕಟ್ಟಿಬಿಡುತ್ತಾನೆ. ತಿಂದ ಕೂಡಲೇ ಪಾಪಾಯ್‌ಗೆ ಭಾರಿ ಬಲ ಬರುವ ಪಾಲಕ್ ಡಬ್ಬಿ ಹೊರಗೆ ಬರುವುದು ಆಗಲೇ. ಅಲ್ಲಿಯವರೆಗೆ ಅದನ್ನು ತಡೆದು ಇಟ್ಟಿದ್ದಾರಲ್ಲ, ಅದು ಜಾಣತನ. ಆಮೇಲೆ ಬರುವ ರೈಲಿಗೆ ಎದುರು ನಿಂತು ಒಂದೇ ಗುದ್ದು!

ಅದೇ ಸ್ಟುಡಿಯೋದ ಇನ್ನೊಂದು ಕಾರ್ಟೂನ್ ಪಾತ್ರ ಬೆಟ್ಟಿ ಬೂಪ್ ಕೂಡ ಬಂದು ಕುಣಿಯುತ್ತಾಳೆ. ಆಗ ಅವಳೇ ದೊಡ್ಡ ಸ್ಟಾರ್, ಈ ಚಿತ್ರ ಬಿಡುಗಡೆಯಾಗಿದ್ದೂ ಅವಳ ಸರಣಿಯಲ್ಲಿಯೇ. ಆ ಕುಣಿತವನ್ನು 1932ರ ಅವಳದೇ ಒಂದು ಚಿತ್ರದಿಂದ ಎತ್ತಿಕೊಂಡಿದ್ದಾರೆ, ಆದರೆ ಪಾಪಾಯ್ ವೇದಿಕೆಗೆ ಹತ್ತಿ ಜೊತೆಗೆ ಹೆಜ್ಜೆ ಹಾಕುವುದು ಹೊಸದು, ಚೆನ್ನಾಗಿದೆ. ಪಾಪಾಯ್‌ಗೆ ಬಿಲ್ಲಿ ಕಾಸ್ಟೆಲೊ ಕೊಟ್ಟ ಗೊಗ್ಗರು ದನಿಯೂ ಇಷ್ಟವಾಯಿತು.

ಒಂದು ಎಚ್ಚರಿಕೆ. ಚೆಂಡು ಎಸೆಯುವ ಸ್ಟಾಲಿನಲ್ಲಿ ಕಪ್ಪು ಜನಾಂಗದ ಒಬ್ಬ ಮನುಷ್ಯನನ್ನೇ ಗುರಿ ಮಾಡಿ ನಗಿಸಲು ನೋಡುತ್ತಾರೆ. ಅದು ಅವತ್ತೂ ತಪ್ಪು, ಇವತ್ತೂ ತಪ್ಪು. ಮಕ್ಕಳ ಜೊತೆ ನೋಡುವವರು ಅಲ್ಲಿ ನಿಲ್ಲಿಸಿ ಎರಡು ಮಾತು ಹೇಳಿ, ಸುಮ್ನೆ ದಾಟಿಸಬೇಡಿ. ಆಲಿವ್‌ಗೆ ಕೂಗುವುದು ಬಿಟ್ಟು ಹೆಚ್ಚು ಕೆಲಸ ಕೊಟ್ಟಿಲ್ಲ ಅನ್ನುವುದೂ ನನ್ನ ಬೇಜಾರು. ಪಾಪಾಯ್‌ನ ಸೃಷ್ಟಿಕರ್ತ ಸೀಗರ್ ಪತ್ರಿಕೆಗೆ ಬರೆಯುತ್ತಿದ್ದ ಕಾಮಿಕ್ಸ್‌ಗೆ 1919ರಲ್ಲೇ ಬಂದವಳು ಅವಳು, ಪಾಪಾಯ್ ಅಲ್ಲಿ ಕಾಣಿಸಿಕೊಂಡಿದ್ದು 1929ರಲ್ಲಿ. ಹಿರಿಯಳು ಅವಳೇ ಅಲ್ವಾ?

ಹುಡುಕುವಾಗ ಕಪ್ಪು-ಬಿಳುಪಿನ ಮೂಲ ಪ್ರಿಂಟೇ ಇದೆಯಾ ಅಂತ ನೋಡಿಕೊಳ್ಳಿ. ಹಳೆಯ ಪಾಪಾಯ್ ಚಿತ್ರಗಳನ್ನು 1980ರ ದಶಕದಲ್ಲಿ ಮತ್ತೆ ಬಿಡಿಸಿ ಬಣ್ಣ ಹಾಕಿದರು, ಹಾಗೆ ಮಾಡುವಾಗ ಹಿನ್ನೆಲೆಯ ಬೂದು ಛಾಯೆ, ಸಣ್ಣಪುಟ್ಟ ಚಲನೆ ಎಲ್ಲ ಹೋಗಿಬಿಟ್ಟವು. 2007ರಲ್ಲಿ ಬಂದ ನಾಲ್ಕು ಡಿಸ್ಕಿನ ಡಿವಿಡಿ ಸೆಟ್‌ನಲ್ಲಿ 60 ಚಿತ್ರಗಳಿವೆ, ಇದೇ ಮೊದಲನೆಯದು. ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ.